ಮೋಟಾರ್‌ಹೋಮ್ ಬೆಳಕಿಂಡಿ ನಾವೇ ಬದಲಿಸುವುದು: ಅಳತೆಯಿಂದ ನೀರಿನ ಪರೀಕ್ಷೆವರೆಗೆ

ನವೆಂಬರ್ ಮೊದಲ ವಾರದ ಗಾಳಿಮಳೆಗೆ ಒಣಗಿದ ತೆಂಗಿನ ಮಟ್ಟೆಯೊಂದು ನಮ್ಮ ಮೋಟಾರ್‌ಹೋಮ್, ಅಂದರೆ ಮನೆಯಂತೆ ಸಜ್ಜುಗೊಳಿಸಿದ ಗಾಡಿಯ ಮೇಲೆ ಬಿತ್ತು. ಏಣಿ ಹಾಕಿ ನೋಡಿದರೆ ಹಾಸಿಗೆಯ ಮೇಲಿನ ಬೆಳಕಿಂಡಿಯ (ಚಾವಣಿ ಕಿಟಕಿಯ) ಅಕ್ರಿಲಿಕ್ ಗುಮ್ಮಟ ಕೀಲಿನ ಕಡೆಯಿಂದ ನಡುವಿನವರೆಗೂ ಸೀಳಿತ್ತು. ಮಟ್ಟೆ ಬಿದ್ದದ್ದು ನೆಪ ಮಾತ್ರ. ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಕೀಲಿನ ಎರಡೂ ಸ್ಕ್ರೂಗಳ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆಗಳು ಮೊದಲೇ ಇದ್ದವು. ಸ್ಕ್ರೂ ಅತಿಯಾಗಿ ಬಿಗಿದರೆ ಅಕ್ರಿಲಿಕ್ಕಿನೊಳಗೆ ಒತ್ತಡ ಉಳಿಯುತ್ತದೆ. ಅದರ ಮೇಲೆ ಸ್ಪಿರಿಟ್, ತಿನ್ನರ್ ಅಥವಾ ಅಮೋನಿಯಾ ಇರುವ ಗಾಜಿನ ಕ್ಲೀನರ್ ಬಿದ್ದರೆ ಆ ಒತ್ತಡವೇ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸಣ್ಣ ಪೆಟ್ಟು ಸಾಕು. ನಿಮ್ಮ ಗಾಡಿಯ ಕೀಲಿನ ಸುತ್ತ ಇಂಥ ಗೆರೆ ಕಂಡರೆ ಈಗಲೇ ಹೊಸದಕ್ಕೆ ಹುಡುಕಾಟ ಶುರು ಮಾಡಿ. ಯಾಕೆಂದರೆ ಬೆಂಗಳೂರಿನಲ್ಲಿ ಕುಳಿತು ಈ ಸಾಮಾನು ಕೈಗೆ ಬರುವುದಕ್ಕೇ ಏಳು ವಾರ ಹಿಡಿಯಿತು. ಕೆಲಸ ಮುಗಿಯುವಾಗ ಸಂಕ್ರಾಂತಿ ಕಳೆದಿತ್ತು.

ಮೊದಲ ದಿನ ಮಾಡಬೇಕಾದ್ದು ತಾತ್ಕಾಲಿಕ ತಡೆ. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿ 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ನಿಧಾನಕ್ಕೆ ಒಂದು ತೂತು ಕೊರೆಯಬೇಕು. ಚೂಪಾದ ತುದಿ ಗುಂಡಗಾದರೆ ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಡ್ರಿಲ್ ಕಡಿಮೆ ವೇಗದಲ್ಲಿರಲಿ, ಕೈಯಿಂದ ಒತ್ತಬೇಡಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಪಾರದರ್ಶಕ ಹೊರಾಂಗಣ ಟೇಪನ್ನು ಒಳಗೂ ಹೊರಗೂ ಅಂಟಿಸಿ. ಅಂಗಡಿಯಲ್ಲಿ "ಸಾರ್, ಸಿಲಿಕಾನ್ ಹಾಕ್ಬಿಡಿ, ಎಲ್ಲದಕ್ಕೂ ಆಗತ್ತೆ" ಅಂತ ಟ್ಯೂಬ್ ಕೈಗಿಡುತ್ತಾರೆ. ತಗೊಳ್ಳಬೇಡಿ. ಅದರ ಪಾಡು ಏನೆಂದು ಮುಂದೆ ಬರುತ್ತದೆ.

ವಿಮೆಯ ವಿಚಾರ ಮುಗಿಯುವವರೆಗೆ ಏನನ್ನೂ ಬಿಚ್ಚಬಾರದು. ಕ್ಲೇಮ್ ಮಾಡುವುದಾದರೆ ಸರ್ವೇಯರ್ ಬಂದು ಒಡೆದ ಭಾಗವನ್ನು ಅದು ಇರುವ ಜಾಗದಲ್ಲೇ ನೋಡಬೇಕು. ನಾನು ಫೋಟೋ ತೆಗೆದು, ಪಾಲಿಸಿ ಬಿಡಿಸಿ ಕುಳಿತು ಲೆಕ್ಕ ಹಾಕಿದೆ. ಪ್ಲಾಸ್ಟಿಕ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ. ಅದರ ಮೇಲೆ ನಾವೇ ಭರಿಸಬೇಕಾದ ಕಡ್ಡಾಯ ಕಡಿತ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಒಂದು ಕ್ಲೇಮಿಗೆ ಪೂರ್ತಿ ಹೋಗುತ್ತದೆ. ಇನ್ನೊಂದು ಮುಖ್ಯ ಸಂಗತಿ: ಗಾಡಿ ಕೊಂಡ ಮೇಲೆ ಹಾಕಿಸಿದ ಬಿಡಿಭಾಗವನ್ನು ಪಾಲಿಸಿಯಲ್ಲಿ ಬೇರೆಯಾಗಿ ತೋರಿಸಿ ಮೌಲ್ಯ ಸೇರಿಸಿರದಿದ್ದರೆ ಅದಕ್ಕೆ ರಕ್ಷಣೆಯೇ ಇಲ್ಲ. ಕೂಡಿ ಕಳೆದು ನೋಡಿದಾಗ ಕ್ಲೇಮ್ ಮಾಡದಿರುವುದೇ ಲಾಭ ಅನ್ನಿಸಿತು. ನಿಮ್ಮ ಬೋನಸ್ 20% ಹಂತದಲ್ಲಿದ್ದರೆ ಲೆಕ್ಕ ಬೇರೆಯಾದೀತು, ಮಾಡಿಯೇ ನಿರ್ಧರಿಸಿ.

ಅಳತೆ. ಇಲ್ಲಿ ತಪ್ಪಿದರೆ ಹಣವೂ ಹೋಯಿತು, ವಾರಗಳೂ ಹೋದವು. ಜಗತ್ತಿನಲ್ಲಿ ಎರಡು ಅಳತೆ ಓಡಾಡುತ್ತಿವೆ. ಯುರೋಪಿನ ಬೆಳಕಿಂಡಿಗಳು 400×400 ಮಿಲಿಮೀಟರ್ ಕಿಂಡಿಗೆ ಕೂರುತ್ತವೆ. ಅಮೆರಿಕದ ಫ್ಯಾನು, ಮುಚ್ಚಳಗಳು 14 ಇಂಚಿನ ಚೌಕಕ್ಕೆ, ಅಂದರೆ ಸುಮಾರು 356 ಮಿಲಿಮೀಟರಿಗೆ. ಎರಡನ್ನೂ "ಸ್ಟ್ಯಾಂಡರ್ಡ್ ಸೈಜ್" ಅಂತಲೇ ಮಾರುತ್ತಾರೆ. ಹೊರಗಿನ ಗುಮ್ಮಟ ಅಳೆದು ಆರ್ಡರ್ ಮಾಡಬೇಡಿ. ಒಳಗಿನ ಅಲಂಕಾರದ ಚೌಕಟ್ಟು ಕಳಚಿ, ಕೊರೆದ ಕಿಂಡಿಯನ್ನೇ ನಾಲ್ಕೂ ಬದಿಯಲ್ಲಿ ಅಳೆಯಿರಿ. ಆಮೇಲೆ ಎರಡು ಕರ್ಣಗಳನ್ನು ಅಳೆಯಿರಿ. 400ರ ಸರಿಯಾದ ಚೌಕಕ್ಕೆ ಕರ್ಣ 566 ಬರಬೇಕು. ನನ್ನ ಗಾಡಿಯಲ್ಲಿ ಒಂದು 565, ಇನ್ನೊಂದು 568 ಇತ್ತು, ಇಷ್ಟಕ್ಕೆ ತೊಂದರೆಯಿಲ್ಲ. ಮೂರನೆಯ ಅಳತೆ ಚಾವಣಿಯ ದಪ್ಪ. ಮೇಲೆ 2 ಮಿಲಿಮೀಟರ್ ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್), ನಡುವೆ 28ರ ಫೋಮ್, ಕೆಳಗೆ 4ರ ಪ್ಲೈವುಡ್, ಒಟ್ಟು 34. ಬೆಳಕಿಂಡಿಯ ಒಳಚೌಕಟ್ಟು ಹೊರಚೌಕಟ್ಟನ್ನು ಚಾವಣಿಯ ಮೂಲಕ ಹಿಡಿದೆಳೆಯುವುದರಿಂದ ಈ ದಪ್ಪಕ್ಕೆ ತಕ್ಕ ಸ್ಕ್ರೂ ಬೇಕು. ಉದ್ದವಾದರೆ ಹೊರಚೌಕಟ್ಟಿನಲ್ಲಿ ಸ್ಕ್ರೂ ಕೂರುವ ಕಂಬವನ್ನು ಒಳಗಿನಿಂದ ಚುಚ್ಚಿ ಸೀಳುತ್ತದೆ, ಗಿಡ್ಡವಾದರೆ ಎರಡು ಸುತ್ತಿಗೇ ಹಲ್ಲು ಕೀಳುತ್ತದೆ.

ಇಲ್ಲಿ ಸಿಗುವ 14 ಇಂಚಿನದನ್ನೇ ಹಾಕಿ ಸುತ್ತ ಪಟ್ಟಿ ತುಂಬಿದರಾಯಿತು ಅಂತ ಹೇಳುವವರಿದ್ದಾರೆ. ಒಂದೊಂದು ಬದಿಗೆ 22 ಮಿಲಿಮೀಟರ್ ಮರ ತುಂಬಿ, ಅದರ ಮೇಲೆ ಎಫ್‌ಆರ್‌ಪಿ ಎಳೆದು, ಎರಡು ಹೊಸ ಸಂದುಗಳನ್ನು ಸೋರದಂತೆ ಕಾಯಬೇಕು. ಮಾಡಬಹುದು, ಆದರೆ ಬೇಡ. ಇನ್ನು ಕಿಂಡಿಯನ್ನೇ ದೊಡ್ಡದಾಗಿ ಕತ್ತರಿಸುವ ಯೋಚನೆ ಇದ್ದರೆ ಅದು ಬಿಡಿಭಾಗ ಬದಲಾವಣೆಯ ಗಡಿ ದಾಟಿ ಗಾಡಿಯ ರಚನೆಯನ್ನೇ ಬದಲಿಸುವ ಕಡೆಗೆ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡೇ ಕೈ ಹಾಕಿ.

ವಾಹನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಬಸ್ಸಿನ ರೂಫ್ ಹ್ಯಾಚ್ ಸಿಕ್ಕವು, 400ರ ಗುಮ್ಮಟ ಸಿಗಲಿಲ್ಲ. ಪೀಣ್ಯದಲ್ಲಿ ಅಕ್ರಿಲಿಕ್ ಬಿಸಿ ಮಾಡಿ ಅಚ್ಚಿಗೆ ಎಳೆಯುವವರು ಒಂದೇ ಗುಮ್ಮಟಕ್ಕೂ ಅಚ್ಚಿನ ಖರ್ಚು ಪೂರ್ತಿ ಕೇಳುತ್ತಾರೆ, ಅದು ನ್ಯಾಯವೇ. ಗುಮ್ಮಟ ಮಾತ್ರ ಬಿಡಿಯಾಗಿ ವಿದೇಶದಿಂದ ಬರುತ್ತದೆ, ಅದು ಅಗ್ಗ ಕೂಡ. ಆದರೆ ಹಳೆಯ ಹೊರಚೌಕಟ್ಟನ್ನು ಮೊದಲು ಪರೀಕ್ಷಿಸಬೇಕು. ಸ್ಕ್ರೂ ಕೂರುವ ಕಂಬಗಳನ್ನು ಉಗುರಿನಿಂದ ಒತ್ತಿ ನೋಡಿದಾಗ ಬಿಸಿಲಿಗೆ ಬೆಂದ ಪ್ಲಾಸ್ಟಿಕ್ ಚೂರಾಗಿ ಉದುರಿತು. ಹಾಗಾಗಿ ಇಡೀ ಘಟಕವನ್ನೇ ತರಿಸಿದೆ.

ಖರ್ಚಿನಲ್ಲಿ ಎಲ್ಲರಿಗೂ ಆಘಾತವಾಗುವುದು ಸಾಗಾಟ. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆಯ ಗಾತ್ರವನ್ನೂ ತೂಕಕ್ಕೆ ಪರಿವರ್ತಿಸುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವಾಡಿಕೆ. 60×60×20ರ ಪೆಟ್ಟಿಗೆ ಹೀಗೆ 14.4 ಕಿಲೋ ಆಗುತ್ತದೆ. ತಕ್ಕಡಿಗಿಟ್ಟರೆ 5 ಕಿಲೋ ಇಲ್ಲ! ಸುಂಕವನ್ನು ಹಾಕುವುದು ವಸ್ತುವಿನ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಾಟ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಮೂಲ ಸುಂಕ, ಅದರ ಮೇಲಿನ ಸರ್ಚಾರ್ಜ್, ಇವನ್ನೆಲ್ಲ ಕೂಡಿದ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ನನಗೆ ಬಿದ್ದ ಲೆಕ್ಕ ಹೀಗಿದೆ: ಘಟಕ ₹13,200, ಸಾಗಾಟ ₹9,100, ಸುಂಕ ತೆರಿಗೆ ಎಲ್ಲ ಸೇರಿ ₹8,400, ಕೊರಿಯರಿನ ಕಸ್ಟಮ್ಸ್ ಸೇವಾ ಶುಲ್ಕ ₹700. ಮನೆ ಬಾಗಿಲಿಗೆ ₹31,400. ನಗರದಲ್ಲಿ ಇನ್ನಿಬ್ಬರಿಗೂ ಬೇಕಿದ್ದರೆ ಒಂದೇ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಿ, ಸಾಗಾಟದ ಹೊರೆ ಹಂಚಿಹೋಗುತ್ತದೆ.

ಪೆಟ್ಟಿಗೆ ದೇಶದೊಳಗೆ ಬಂದ ಮೇಲೆ ಒಂಬತ್ತು ದಿನ ಕದಲಲಿಲ್ಲ. ಕೆವೈಸಿ ಬಾಕಿ ಅಂತ ಒಂದು ಸಂದೇಶ ಬಂದು ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಆಧಾರ್ ಕೊಟ್ಟರೆ ವಿಳಾಸ ಹಳೆಯದು, ಪಾರ್ಸೆಲ್ ವಿಳಾಸ ಹೊಸದು. ಬಾಡಿಗೆ ಕರಾರು ಮತ್ತು ವಿದ್ಯುತ್ ಬಿಲ್ ಸೇರಿಸಿ ಕಳಿಸಿದ ಮೇಲೆ ಬಿಡುಗಡೆಯಾಯಿತು. ಮಳೆ ಬಂದ ರಾತ್ರಿಗಳಲ್ಲಿ ಟೇಪಿನ ಅಂಚು ಎದ್ದಿದೆಯೋ ಅಂತ ಎದ್ದೆದ್ದು ನೋಡುವ ಆ ಒಂಬತ್ತು ದಿನ ಬೇಡವೇ ಬೇಡ. ಆರ್ಡರ್ ಮಾಡುವ ದಿನವೇ ಆಧಾರ್, ಪ್ಯಾನ್, ಈಗಿನ ವಿಳಾಸದ ಪುರಾವೆ, ಹಣ ಕಟ್ಟಿದ ರಸೀದಿ, ಇನ್‌ವಾಯ್ಸ್ ಐದನ್ನೂ ಒಂದೇ ಫೋಲ್ಡರಿನಲ್ಲಿಡಿ. ಪೆಟ್ಟಿಗೆ ಬಿಚ್ಚುವಾಗ ನಿಲ್ಲಿಸದೆ ವಿಡಿಯೊ ಮಾಡಿ. ಅಕ್ರಿಲಿಕ್ ಸಾಗಾಟದಲ್ಲಿ ಮೂಲೆ ಒಡೆಯುವ ಸಾಮಾನು, ವಿಡಿಯೊ ಇಲ್ಲದೆ ಯಾರೂ ಒಪ್ಪುವುದಿಲ್ಲ.

ಕೆಲಸಕ್ಕೆ ಆಯ್ದದ್ದು ಜನವರಿ ಎರಡನೆಯ ವಾರ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ಬಿಟ್ಟರೆ ಚಾವಣಿ ತೆರೆದಿಟ್ಟುಕೊಳ್ಳುವ ಧೈರ್ಯ ಬೇರೆ ತಿಂಗಳಲ್ಲಿ ಬರುವುದಿಲ್ಲ. ಮಾರ್ಚ್ ಬಂತೆಂದರೆ ಮಾವಿನ ಮಳೆಯ ಭಯ. ಬೆಳಗಿನ ಇಬ್ಬನಿ ಆರಲು ಹತ್ತು ಗಂಟೆಯಾಗುತ್ತದೆ, ಅಲ್ಲಿಯವರೆಗೆ ಒಳಗಿನ ಸ್ಕ್ರೂ ಬಿಚ್ಚುವ ಕೆಲಸ ಇಟ್ಟುಕೊಳ್ಳಿ. ಚಾವಣಿಯ ಮೇಲೆ ಹತ್ತಲೇಬೇಕಾದರೆ 18 ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಅಡ್ಡಲಾಗಿ ಹಾಸಿ, ಮಂಡಿಯೂರಿ. ಫೋಮ್ ತುಂಬಿದ ಚಾವಣಿ ಹಿಮ್ಮಡಿಯ ಭಾರಕ್ಕೆ ಒಳಗೊಳಗೇ ಪದರ ಬಿಡುತ್ತದೆ. ಹಳೆಯದು ಹೊರಬಂದ ಮೇಲೆ ಒಳಗೆ ಗಟ್ಟಿಯಾದ ಸ್ಟೂಲ್ ಇಟ್ಟು, ಒಂದು ಕೈ ಮೊದಲು ತೂರಿಸಿ, ಭುಜವನ್ನು ಕರ್ಣದ ದಿಕ್ಕಿಗೆ ತಿರುಗಿಸಿದರೆ ಕಿಂಡಿಯಲ್ಲೇ ಮೇಲೆ ಬರಬಹುದು. ಸುತ್ತಲಿನ ಶುಚಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಒಳಗಿನ ಸೊಳ್ಳೆಪರದೆಯ ಚೌಕಟ್ಟು, ಅದರ ಹಿಂದಿನ ಸ್ಕ್ರೂಗಳು ಇಪ್ಪತ್ತು ನಿಮಿಷದ ಕೆಲಸ. ಹೊರಗಡೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಬ್ಯೂಟೈಲ್, ಅಂದರೆ ಚೌಕಟ್ಟಿನ ಕೆಳಗೆ ಸಂದು ಮುಚ್ಚುವ ರಬ್ಬರಿನಂಥ ಅಂಟು, ಮೆತ್ತಗಾಗಿರುತ್ತದೆ. ಮೀನಿನ ಗಾಳದ ದಾರವನ್ನು ಅಂಚಿನ ಕೆಳಗೆ ತೂರಿಸಿ ಗರಗಸದಂತೆ ಎಳೆದರೆ ಬಿಟ್ಟುಕೊಡುತ್ತದೆ. ಮೂರು ಬದಿ ಹಾಗೆಯೇ ಬಂತು. ನಾಲ್ಕನೆಯ ಬದಿಯಲ್ಲಿ ದಾರ ಎರಡು ಸಲ ಕಡಿದುಹೋಯಿತು. ಹಿಂದೆ ಯಾವಾಗಲೋ ಸೋರಿದಾಗ ಅಲ್ಲಿ ಸಿಲಿಕಾನ್ ಬಳಿದಿದ್ದರು. ಬ್ಯೂಟೈಲಿನ ಮೇಲೆ ಸಿಲಿಕಾನ್ ನಿಲ್ಲುವುದಿಲ್ಲ, ಸಿಲಿಕಾನಿನ ಮೇಲೆ ಮತ್ತೇನೂ ಅಂಟುವುದಿಲ್ಲ. ನೀರು ಎರಡರ ನಡುವೆ ಹೊಕ್ಕು, ಹೊರಬರಲು ದಾರಿಯಿಲ್ಲದೆ ಮರಕ್ಕೆ ಇಳಿದಿತ್ತು. ಹೊರಗಿನಿಂದ ನೋಡಿದರೆ ಚೆನ್ನಾಗಿ ಮುಚ್ಚಿದ ಸಂದು!

ಕಿಂಡಿಯ ಸುತ್ತ ಫೋಮಿನ ಜಾಗದಲ್ಲಿ 40 ಮಿಲಿಮೀಟರ್ ಅಗಲದ ಮರದ ಪಟ್ಟಿ ಇರುತ್ತದೆ. ಸಿಲಿಕಾನಿದ್ದ ಬದಿಯ ಎರಡೂ ಮೂಲೆಗಳಲ್ಲಿ ಅದು ಕಾಫಿ ಚರಟದ ಬಣ್ಣಕ್ಕೆ ತಿರುಗಿತ್ತು. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಎಳೆ ಎಳೆಯಾಗಿ ಬಂತು, ಹಳೇ ಬಾವಿಯ ವಾಸನೆ. ಅದನ್ನು ಕಂಡಾಗ ನಿಜಕ್ಕೂ ಹೊಟ್ಟೆ ತೊಳಸಿತು. ಗುಮ್ಮಟ ಒಡೆಯದಿದ್ದರೆ ಇನ್ನೆರಡು ಮಳೆಗಾಲ ಇದು ಗೊತ್ತೇ ಆಗುತ್ತಿರಲಿಲ್ಲ. ಬಡಗಿಯೊಬ್ಬರಿಂದ ಎರವಲು ತಂದ ತೇವಾಂಶ ಮೀಟರ್ ಗಟ್ಟಿ ಉಳಿದ ಮರದಲ್ಲೂ 28% ತೋರಿಸಿತು. 20ಕ್ಕಿಂತ ಮೇಲಿದ್ದರೆ ಮುಚ್ಚಬೇಡಿ, ಕೊಳೆತ ಮುಂದುವರಿಯುತ್ತದೆ. ಹಗಲು ಕಿಂಡಿ ತೆರೆದು ಒಳಗೆ ಟೇಬಲ್ ಫ್ಯಾನ್, ರಾತ್ರಿ ಪ್ಲೈವುಡ್ ಮುಚ್ಚಳದ ಮೇಲೆ ಟಾರ್ಪಾಲು ಹೊದಿಸಿ ಹಗ್ಗವನ್ನು ಗಾಡಿಯ ಅಡಿಯಿಂದ ಬಿಗಿದು ಕಟ್ಟುವುದು. ಆರು ದಿನಕ್ಕೆ 14ಕ್ಕೆ ಇಳಿಯಿತು. ಒಂದೇ ದಿನದ ಕೆಲಸ ಅಂತ ರಜೆ ಹಾಕುವವರು ಈ ಆರು ದಿನವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದೆ, ಒಂದೊಂದು ಮೂಲೆಯಲ್ಲಿ ಸುಮಾರು 200 ಮಿಲಿಮೀಟರ್. ತುಂಬಲು ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ ಕೇಳಿ ತನ್ನಿ. "ವಾಟರ್‌ಪ್ರೂಫ್" ಅಂತ ಬಾಯಲ್ಲಿ ಹೇಳುವ ಸರಕು ಹೆಚ್ಚಾಗಿ ಸಾಮಾನ್ಯ ಬಳಕೆಯ ಐಎಸ್ 303 ಇರುತ್ತದೆ, ಹಲಗೆಯ ಮೇಲಿನ ಮುದ್ರೆ ಓದಿಯೇ ದುಡ್ಡು ಕೊಡಿ. 16 ಮತ್ತು 12 ಮಿಲಿಮೀಟರ್ ಎರಡು ಪದರ ಸೇರಿ 28 ಸರಿಯಾಯಿತು. ಎಪಾಕ್ಸಿ ಅಂಟು ಹಚ್ಚಿ, ಕತ್ತರಿಸಿದ ಅಂಚುಗಳಿಗೆ ತೆಳುವಾಗಿ ಇನ್ನೊಮ್ಮೆ ಬಳಿದು, ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಟ್ಟೆ.

ಶುಚಿ ಮಾಡುವುದೇ ಈ ಕೆಲಸದ ಮುಕ್ಕಾಲು ಪಾಲು. ಹಳೆಯ ಬ್ಯೂಟೈಲನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಉಳಿದ ಅಂಟನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ಸಿಲಿಕಾನ್ ಯಾವ ದ್ರಾವಣಕ್ಕೂ ಸುಲಭಕ್ಕೆ ಕರಗುವುದಿಲ್ಲ, ಕೆರೆಯಲೇಬೇಕು, ಆಮೇಲೆ ಸ್ಕಾಚ್‌ಬ್ರೈಟ್ ಹಾಕಿ ಉಜ್ಜಬೇಕು. ಹೋಯಿತೋ ಇಲ್ಲವೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ನೀರು ಹೇಳುತ್ತದೆ. ಒಂದು ಚಮಚ ನೀರು ಸುರಿದು ನೋಡಿ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿದರೆ ಸಿಲಿಕಾನ್ ಇನ್ನೂ ಇದೆ. ತೆಳ್ಳಗೆ ಹರಡಿಕೊಂಡು ನಿಂತರೆ ಶುಚಿಯಾಗಿದೆ. ಆ ನಾಲ್ಕನೆಯ ಬದಿಯಲ್ಲಿ ಐದು ಸಲ ನೀರು ಉರುಳಿತು, ಆರನೆಯ ಸಲ ಹರಡಿತು. ಅಷ್ಟು ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚಾವಣಿಯನ್ನು ಒರೆಸಬಹುದು, ಆದರೆ ಹೊಸ ಗುಮ್ಮಟ ಆಗ ಪಕ್ಕದ ಕೋಣೆಯಲ್ಲಿರಲಿ. ಆ ಬಟ್ಟೆ ಅದಕ್ಕೆ ತಾಗಲೇಬಾರದು.

ಯಾಕೆ ಬ್ಯೂಟೈಲೇ? ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ಚೌಕಟ್ಟು 40 ಡಿಗ್ರಿ ಬಿಸಿಯೇರಿದರೆ ಒಂದೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ, ಕೆಳಗಿನ ಎಫ್‌ಆರ್‌ಪಿ ಅದರ ಅರ್ಧವೂ ಹಿಗ್ಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇದು ದಿನಕ್ಕೊಂದು ಸಲ ನಡೆಯುವ ಸರಿದಾಟ. ಬ್ಯೂಟೈಲ್ ಎಂದೂ ಗಟ್ಟಿಯಾಗುವುದಿಲ್ಲ, ಸರಿದಾಡುತ್ತಲೇ ಸಂದು ತುಂಬಿಕೊಂಡಿರುತ್ತದೆ. ಹಿಡಿದಿಡುವ ಕೆಲಸ ಸ್ಕ್ರೂಗಳದ್ದು, ನೀರು ತಡೆಯುವುದು ಬ್ಯೂಟೈಲಿನದ್ದು. ಪಾಲಿಯುರೆಥೇನ್ ಅಂಟು ಹಾಕಿದರೆ ಮುಂದಿನ ಸಲ ಚೌಕಟ್ಟಿನ ಜತೆ ಚಾವಣಿಯ ತೊಗಟೆಯೂ ಕಿತ್ತುಬರುತ್ತದೆ.

20 ಮಿಲಿಮೀಟರ್ ಅಗಲ, 3 ದಪ್ಪದ ಟೇಪು ಸಾಕು. ಚೌಕಟ್ಟಿನ ಸುತ್ತ ಒಂದು ಸುತ್ತಿಗೆ 1.9 ಮೀಟರ್, ಎರಡು ಸುತ್ತಿಗೆ 3.8. ಐದು ಮೀಟರಿನ ಒಂದು ಉರುಳೆ ಸಾಕಾದರೂ ಎರಡು ತಂದಿಡಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ "ಬ್ಯೂಟೈಲ್" ಅಂತಲೇ ಕೇಳಿ. ಅಲ್ಯೂಮಿನಿಯಂ ಹಾಳೆ ಅಂಟಿದ ಛಾವಣಿ ಟೇಪು ಕೊಡಲು ಬರುತ್ತಾರೆ, ಅದಲ್ಲ. ಎರಡೂ ಕಡೆ ಅಂಟುವುದು ಬೇಕು.

ಮೊದಲು ಟೇಪಿಲ್ಲದೆ ಕೂರಿಸಿ ನೋಡಿ. ಕೀಲು ಗಾಡಿಯ ಮುಂಭಾಗದ ಕಡೆಗಿರಬೇಕು. ಹಿಂದಕ್ಕಿದ್ದು ಕೊಂಡಿ ಸಡಿಲವಾದರೆ ಹೆದ್ದಾರಿಯ ಗಾಳಿ ಮುಚ್ಚಳವನ್ನು ಎತ್ತಿ ಕಿತ್ತೊಯ್ಯುತ್ತದೆ. ಪೆನ್ಸಿಲಿನಿಂದ ಅಂಚಿನ ಗುರುತು ಹಾಕಿ, ಗುರುತಿನ ಹೊರಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಬ್ಯೂಟೈಲನ್ನು ಚಾವಣಿಗಲ್ಲ, ಚೌಕಟ್ಟಿನ ಕೆಳಮುಖಕ್ಕೆ ಅಂಟಿಸಿ. ತುದಿಗಳು ಕೂಡುವ ಜಾಗ ಮೂಲೆಯಲ್ಲಿ ಬೇಡ, ಬದಿಯ ನಡುವೆ ಬರಲಿ, ಎರಡು ಸುತ್ತುಗಳ ಕೂಡು ಬೇರೆ ಬೇರೆ ಬದಿಯಲ್ಲಿರಲಿ. ಮೂಲೆಯಲ್ಲಿ ಎಳೆದು ತಿರುಗಿಸಿದರೆ ತೆಳ್ಳಗಾಗುತ್ತದೆ, ಅಲ್ಲಿ ಗೋಲಿಯಷ್ಟು ಬ್ಯೂಟೈಲ್ ಉಂಡೆ ಮಾಡಿ ಹೆಚ್ಚಿಗೆ ಒತ್ತಿ.

ಮೇಲಿನಿಂದ ಒಬ್ಬರು ನೇರವಾಗಿ ಇಳಿಸಬೇಕು, ಒಳಗಿನಿಂದ ಇನ್ನೊಬ್ಬರು ಕಿಂಡಿಯ ನಡುವಿಗೆ ಸರಿಪಡಿಸಬೇಕು. ಒಮ್ಮೆ ತಾಗಿದರೆ ಎತ್ತಿ ಕೂರಿಸುವ ಮಾತಿಲ್ಲ. ಒಳಚೌಕಟ್ಟಿನ ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಎರಡೇ ಸುತ್ತಿನಂತೆ, ಕೈ ಸ್ಕ್ರೂಡ್ರೈವರಿನಲ್ಲೇ ಬಿಗಿಯಿರಿ. ಡ್ರಿಲ್ ಯಂತ್ರ ಮುಟ್ಟಬೇಡಿ, ಹಳೆಯದು ಸೀಳಿದ್ದೇ ಅತಿ ಬಿಗಿಯಿಂದ. ಸುತ್ತಲೂ ಬ್ಯೂಟೈಲ್ ಕಪ್ಪು ಗೆರೆಯಾಗಿ ಸಮನಾಗಿ ಹೊರಬಂದರೆ ಸಾಕು, ನಿಲ್ಲಿಸಿ. ಮರುದಿನ ಅದೇ ಸ್ಕ್ರೂಗಳು ಕಾಲು ಸುತ್ತು ಸಡಿಲವಾಗಿರುತ್ತವೆ, ಯಾಕೆಂದರೆ ಬ್ಯೂಟೈಲ್ ರಾತ್ರಿಯಿಡೀ ಹರಿದು ಸಮವಾಗಿದೆ. ಆಗ ಇನ್ನೊಮ್ಮೆ ಬಿಗಿದು, ಹೊರಬಂದದ್ದನ್ನು ಸೋಪಿನ ನೀರಿನಲ್ಲಿ ಅದ್ದಿದ ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ. ಗುಮ್ಮಟದ ರಕ್ಷಣಾ ಹಾಳೆಯನ್ನೂ ಅವತ್ತೇ ತೆಗೆಯಿರಿ, ವಾರ ಬಿಸಿಲಿಗೆ ಬಿಟ್ಟರೆ ಅಂಟಿಕೊಂಡುಬಿಡುತ್ತದೆ.

ನೀರಿನ ಪರೀಕ್ಷೆಗೆ ಪ್ರೆಷರ್ ವಾಷರ್ ಬೇಡ. ಮೂತಿ ತೆಗೆದ ಪೈಪಿನಿಂದ ನೀರು ಸುಮ್ಮನೆ ಹರಿಯಲಿ. ಇಳಿಜಾರಿನ ತಗ್ಗು ಬದಿಯಿಂದ ಶುರುಮಾಡಿ, ಬದಿಗೆ ಹದಿನೈದು ನಿಮಿಷದಂತೆ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ಸೋರಿದ್ದು ಯಾವ ಬದಿ ಅಂತ ತಿಳಿಯುವುದೇ ಇಲ್ಲ. ಒಳಗೆ ಸಂದಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿಟ್ಟರೆ ಒಂದು ಹನಿಯೂ ಗೆರೆಯಾಗಿ ಕಾಣುತ್ತದೆ. ಒಂದು ಗಂಟೆ ಆದ ಮೇಲೂ ಪೌಡರ್ ಬಿಳಿಯಾಗಿ ಹಾಗೇ ಇದ್ದದ್ದನ್ನು ಕಂಡಾಗ ಎರಡೂವರೆ ತಿಂಗಳ ಭಾರ ಇಳಿಯಿತು.

ಮುಚ್ಚಿದ ಬೆಳಕಿಂಡಿಯಲ್ಲೂ ಸಣ್ಣಗೆ ಗಾಳಿ ಬರುತ್ತಿದ್ದರೆ ಗಾಬರಿ ಬೇಡ. ಹಲವು ಘಟಕಗಳಲ್ಲಿ ಬೇಕೆಂದೇ ಬಿಟ್ಟ ಶಾಶ್ವತ ಗಾಳಿಸಂದು ಇರುತ್ತದೆ. ಒಳಗೆ ಗ್ಯಾಸ್ ಒಲೆ ಉರಿಸುವ ಗಾಡಿಯಲ್ಲಿ ಅದು ಜೀವ ಕಾಯುವ ಸಂದು. ಟೇಪ್ ಹಾಕಿ ಮುಚ್ಚಬಾರದು. ಎರಡು ಪದರದ ಗುಮ್ಮಟದ ನಡುವೆ ಬೆಳಿಗ್ಗೆ ಮಂಜು ಕಟ್ಟಿದರೂ ಸೋರಿಕೆಯೆಂದುಕೊಳ್ಳಬೇಡಿ, ಬಿಸಿಲೇರಿದಂತೆ ಆರುತ್ತದೆ.

ಇಲ್ಲಿ ಕೊಂಡ ಸಾಮಾನಿನ ಲೆಕ್ಕ: ಬ್ಯೂಟೈಲ್ ₹900, ಟರ್ಪೆಂಟೈನ್ ₹180, ಮೆರೈನ್ ಪ್ಲೈ ತುಂಡು ₹600, ಎಪಾಕ್ಸಿ ₹450, ಸ್ಕ್ರೇಪರ್ ಮತ್ತು ಮಾಸ್ಕಿಂಗ್ ಟೇಪ್ ₹370, ಸ್ಟೇನ್‌ಲೆಸ್ ಸ್ಕ್ರೂ ₹150, ಟಾರ್ಪಾಲು ₹800. ಮೊದಲಿನದೂ ಸೇರಿ ₹34,850. ಇನ್ನು ಉಳಿದಿರುವುದು ಏಪ್ರಿಲಿನ ಮೊದಲ ಬಿಸಿಲ ವಾರ ಕಳೆದ ಮೇಲೆ ಸ್ಕ್ರೂಗಳನ್ನು ಮತ್ತೊಮ್ಮೆ ಮುಟ್ಟಿ ನೋಡುವುದು. ಆ ದಿನಾಂಕವನ್ನೂ, ಮರದ ತೇವಾಂಶ ಮತ್ತೆ ಅಳೆಯಬೇಕಾದ ಎರಡು ಮೂಲೆಗಳನ್ನೂ ಒಳಚೌಕಟ್ಟಿನ ಹಿಂಬದಿಯಲ್ಲೇ ಮಾರ್ಕರಿನಿಂದ ಬರೆದಿಟ್ಟಿದ್ದೇನೆ.